ಲ್ಯಾಪ್‌ಟಾಪ್ ಕೊಳ್ಳುವಾಗ ಸ್ಟಿಕರ್ ನೋಡಿ ಮರುಳಾಗಬೇಡಿ

ಪಿಯು ಮುಗಿಸಿದ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಲು ಹೋದರೆ ಅಂಗಡಿಯವರು ಮೊದಲು ಕೇಳುವುದು 'ಬಜೆಟ್ ಎಷ್ಟು ಸಾರ್?' ಅಂತ. ಅದನ್ನು ಹೇಳುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಅದರಲ್ಲಿ ಯಾವ ಸಾಫ್ಟ್‌ವೇರ್ ಓಡಬೇಕು?

ಬಿ.ಕಾಂ. ಓದುವವರಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಬೇಕು. ಅದು ವಿಂಡೋಸ್‌ಗೆಂದೇ ಮಾಡಿದ್ದು. ನೋಡಲು ಚಂದ ಅಂತ ಮ್ಯಾಕ್‌ಬುಕ್ ತಂದರೆ ಪರದಾಡಬೇಕಾಗುತ್ತದೆ. ಮೆಕ್ಯಾನಿಕಲ್‌ನವರ ಡಿಸೈನ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್ ಕೂಡ ಹಾಗೆಯೇ. ಸ್ನಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಆದರೆ ಕೆಲವು ಹಳೆಯ ಸಾಫ್ಟ್‌ವೇರ್, ಪ್ರಿಂಟರ್ ಡ್ರೈವರ್ ಓಡುವುದಿಲ್ಲ. ಸೀನಿಯರ್‌ಗಳನ್ನು ಒಂದು ಮಾತು ಕೇಳಿ. ಇನ್ನು ಪೈಥಾನ್, ಜಾವಾ ಕಲಿಯಲು ಗೇಮಿಂಗ್ ಲ್ಯಾಪ್‌ಟಾಪ್ ಬೇಕಿಲ್ಲ. ಎರಡು ಕೆಜಿಗೂ ಜಾಸ್ತಿ ತೂಕ, ಮೇಲೆ ಇಟ್ಟಿಗೆಯಂಥ ಚಾರ್ಜರ್. ದಿನಾ ಬಸ್ಸಲ್ಲಿ ಹೊರುವವರು ನೀವಲ್ಲ ಅಲ್ವಾ?

ಆಮೇಲೆ ರ‍್ಯಾಮ್. ಕೆಲಸ ಮಾಡುವಾಗ ಬಳಕೆಯಾಗುವ ಮೆಮೊರಿ ಇದು. ಈಗ 8 ಜಿಬಿ ಕನಿಷ್ಠ, 16 ಇದ್ದರೆ ನಾಲ್ಕು ವರ್ಷ ನೆಮ್ಮದಿ. ನನ್ನ ಪ್ರಕಾರ ಇಂಟೆಲ್‌ನ ಐ7 ಪ್ರೊಸೆಸರ್ ಮತ್ತು 8 ಜಿಬಿಗಿಂತ ಐ5 ಮತ್ತು 16 ಜಿಬಿ ಮೇಲು. 'ಮುಂದೆ ಹಾಕಿಸಿಕೊಳ್ಳಬಹುದು' ಎಂದರೆ ಖಾಲಿ ಸ್ಲಾಟ್ ಇದೆಯಾ ಕೇಳಿ. ತೆಳ್ಳಗಿನ ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸ್ಟೋರೇಜ್ ಎಸ್‌ಎಸ್‌ಡಿ (ವೇಗದ ಡಿಸ್ಕ್) ಆಗಿರಲಿ, 512 ಜಿಬಿ ಸಾಕು. ಅದು ವಿಂಡೋಸ್‌ನಲ್ಲಿ 476 ಅಂತ ಕಾಣಿಸುತ್ತದೆ. ಮೋಸವಲ್ಲ, ಲೆಕ್ಕ ಹಾಕುವ ರೀತಿ ಬೇರೆ, ಅಷ್ಟೇ. ತೀರಾ ಅಗ್ಗದ ಮಾಡೆಲ್‌ಗಳಲ್ಲಿ ಇಎಂಎಂಸಿ ಅಂತ ಬರೆದಿರುತ್ತದೆ. ಅದು ನಿಧಾನ, ಬೇಡ.

ಪ್ರೊಸೆಸರ್ ವಿಷಯದಲ್ಲಿ ಸ್ಟಿಕರ್ ಬಿಟ್ಟು ಪೂರ್ತಿ ನಂಬರ್ ಓದಿ. ಎಎಂಡಿ ಕಂಪನಿಯ ರೈಜೆನ್ 5 7520ಯು ಮತ್ತು 7530ಯು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಈ ಸರಣಿಯಲ್ಲಿ ಒಳಗಿನ ವಿನ್ಯಾಸ ಹೇಳುವುದು ಮೂರನೇ ಅಂಕಿ. 7520ಯು ಝೆನ್ 2, ಅಂದರೆ 2019ರ ವಿನ್ಯಾಸ, ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ). 7530ಯು ಅದರ ನಂತರದ ಝೆನ್ 3, ಆರು ಕೋರ್. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಬೆಲೆ ಹೇಳಿದರೆ ಯಾವುದನ್ನು ಕೇಳಬೇಕು ಅಂತ ಈಗ ಗೊತ್ತಾಯಿತಲ್ಲ. ಕೊನೆಯಲ್ಲಿ 'ಯು' ಇದ್ದರೆ ಕಡಿಮೆ ವಿದ್ಯುತ್, 'ಎಚ್' ಇದ್ದರೆ ಜಾಸ್ತಿ ಶಕ್ತಿ, ಜಾಸ್ತಿ ಬಿಸಿ.

ಪರದೆಯನ್ನು ಅಂಗಡಿಯಲ್ಲೇ ಪಕ್ಕಕ್ಕೆ ಸರಿದು ನೋಡಿ. ಬಣ್ಣ ಬಿಳಚಿಕೊಂಡರೆ ಬಿಡಿ. ಫುಲ್ ಎಚ್‌ಡಿ, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಬಿಳಚದ ಪರದೆ) ಎಂದು ಕೇಳಿ ಪಡೆಯಿರಿ.

ಬಜೆಟ್ ಸಾಲದಿದ್ದರೆ ಅಗ್ಗದ ಹೊಸದಕ್ಕಿಂತ ಕಂಪನಿಗಳು ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್ ಎಷ್ಟೋ ವಾಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಸಿಗುತ್ತವೆ. ಆದರೆ ಇಂಟೆಲ್ ಆದರೆ 8ನೇ ತಲೆಮಾರಿಗಿಂತ ಹಳೆಯದು ಬೇಡ. ಅವಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬ್ಯಾಟರಿ ರಿಪೋರ್ಟ್ ವಿಂಡೋಸ್‌ನಲ್ಲೇ ತೆಗೆಯಲು ಬರುತ್ತದೆ, ತೋರಿಸಿ ಎನ್ನಿ. ಡಿಸೈನ್ ಕೆಪಾಸಿಟಿ 50,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 30,000 ಇದ್ದರೆ ಶೇ 40ರಷ್ಟು ಸವೆದಿದೆ ಎಂದರ್ಥ. ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಆನ್ ಮಾಡುವಾಗ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಒಳಗಿನ ಪ್ರೋಗ್ರಾಂ) ಪಾಸ್‌ವರ್ಡ್ ಕೇಳಿದರೆ ಮಾತ್ರ ಚೌಕಾಸಿಯೇ ಬೇಡ, ಎದ್ದು ಬನ್ನಿ.

ದುಡ್ಡು ಕೊಡುವ ಮೊದಲು ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು ಲ್ಯಾಪ್‌ಟಾಪ್ ಅಡಿಯಲ್ಲಿರುವ ನಂಬರ್ ಜೊತೆ ಹೋಲಿಸಿ. ಅದೇ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದರೆ ವಾರಂಟಿ ಯಾವತ್ತು ಶುರುವಾಗಿದೆ ಎಂದು ತೋರಿಸುತ್ತದೆ. ಹೊಸದು ಎಂದು ಕೊಟ್ಟ ಪೀಸಿಗೆ ಆರು ತಿಂಗಳ ಹಿಂದಿನ ದಿನಾಂಕ ಬಂದರೆ ಬೇರೆ ಪೀಸ್ ಕೇಳಿ.