ಕಂದು ಚರ್ಮದ ಮೇಲೆ ಉರಿಯೂತ ಗುರುತಿಸುವುದು: ಚರ್ಮರೋಗ ವಿಭಾಗಕ್ಕೆ ಹೊಸದಾಗಿ ಬಂದವರಿಗೆ

ಸ್ನಾತಕೋತ್ತರ ಸೀಟು ಸಿಕ್ಕಿ ನಮ್ಮ ವಿಭಾಗಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ದಪ್ಪ ಪುಸ್ತಕದ ಚಿತ್ರಗಳನ್ನು ಸದ್ಯಕ್ಕೆ ಬದಿಗಿಡಿ. ಅವುಗಳಲ್ಲಿ ಬಹುಪಾಲು ಬಿಳಿಯರ ಚರ್ಮ. 1835ರಲ್ಲಿ ಕಲ್ಕತ್ತ, ಮದ್ರಾಸುಗಳಲ್ಲಿ ಇಂಗ್ಲಿಷ್ ಮಾದರಿಯ ವೈದ್ಯ ಶಿಕ್ಷಣ ಸಂಸ್ಥೆಗಳು ಆರಂಭವಾದಾಗಿನಿಂದ ನಮ್ಮ ಪಠ್ಯಕ್ಕೂ ಪದವಿಗೂ ಬ್ರಿಟನ್ನೇ ಅಳತೆಗೋಲು. 1933ರ ಕಾಯಿದೆಯಿಂದ ವೈದ್ಯಕೀಯ ಪರಿಷತ್ತು ನಮ್ಮದಾಯಿತು, ಚಿತ್ರಗಳು ಅಲ್ಲಿಯವೇ ಉಳಿದವು. ಚರ್ಮದ ಬಣ್ಣ ಗುರುತಿಸಲು ನಾವು ದಿನವೂ ಬಳಸುವ ಫಿಟ್ಸ್‌ಪ್ಯಾಟ್ರಿಕ್ ವರ್ಗೀಕರಣವೂ 1975ರಲ್ಲಿ ಬೋಸ್ಟನ್ನಿನಲ್ಲಿ ಬಿಳಿಯರಿಗಾಗಿಯೇ ಹುಟ್ಟಿದ್ದು; ಕಂದು, ಕಪ್ಪು ಚರ್ಮದ ವರ್ಗಗಳನ್ನು ಆಮೇಲೆ ಸೇರಿಸಿದರು. ಇದಕ್ಕೆ ಬೆಲೆ ತೆರುವವರು ಬಿಸಿಲಲ್ಲಿ ದುಡಿಯುವ ನಮ್ಮ ರೋಗಿಗಳು.

ರೋಗಿಯನ್ನು ಟ್ಯೂಬ್‌ಲೈಟಿನ ಕೆಳಗಿನಿಂದ ಎಬ್ಬಿಸಿ ಕಿಟಕಿಯ ಬಳಿ ಕೂರಿಸಿ. ಕಂದು ಚರ್ಮದ ಮೇಲೆ ಉರಿಯೂತ ಕೆಂಪಾಗಿ ಕಾಣದಿರಬಹುದು; ಕೆಂಪನ್ನೇ ಹುಡುಕುತ್ತ ಕೂರಬೇಡಿ. ನೇರಳೆ, ಬೂದು, ಕಡುಕಂದು ಛಾಯೆಗಳನ್ನು ನೋಡಿ. ಪಕ್ಕದ ಆರೋಗ್ಯವಂತ ಚರ್ಮಕ್ಕೆ, ಇನ್ನೊಂದು ಬದಿಯ ಕೈಗೋ ಕಾಲಿಗೋ ಹೋಲಿಸಿ. ಅಂಗೈಯ ಹಿಂಬದಿ ತಾಗಿಸಿ ಬಿಸಿ ನೋಡಿ, ಮೆಲ್ಲನೆ ಒತ್ತಿ ನೋವು, ಬಿಗಿತ, ಊತ ತಿಳಿಯಿರಿ. ಹತ್ತಿ ಬಿಡಿಸುವ ಕೂಲಿ ಹೆಂಗಸೊಬ್ಬರು ಜ್ವರದೊಂದಿಗೆ ಬಂದಿದ್ದರು; ಕೈಯಲ್ಲಿದ್ದ ಚೀಟಿಯಲ್ಲಿ ‘ಕೆಂಪಿಲ್ಲ, ಸೋಂಕಿಲ್ಲ’ ಎಂದಿತ್ತು. ಎಡಗಾಲಿನ ಚರ್ಮ ಹೊಳೆಯುವಷ್ಟು ಬಿಗಿದಿತ್ತು, ಗೆಜ್ಜೆಯ ಗುರುತು ಆಳವಾಗಿ ಕೂತಿತ್ತು, ಮುಟ್ಟಿದರೆ ಸುಡುತ್ತಿತ್ತು. ಸೆಲ್ಯುಲೈಟಿಸ್ (ಚರ್ಮದ ಆಳಕ್ಕಿಳಿದ ಸೋಂಕು) ಎನ್ನಲು ಬೇಕಾದದ್ದೆಲ್ಲ ಅಲ್ಲಿತ್ತು. “ಮೊದಲು ಈ ಕಾಲು ಹೀಗೇ ಇತ್ತೇನಮ್ಮ?” ಎಂದು ಯಾರೂ ಕೇಳಿರಲಿಲ್ಲ. ನೀವು ತಪ್ಪದೆ ಕೇಳಿ. ತಮ್ಮ ಮೈಬಣ್ಣ ಎಲ್ಲಿ ಬದಲಾಗಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ತಿಳಿಬಣ್ಣದ ಮಚ್ಚೆ ಕಂಡರೆ ಚಿಬ್ಬು ಎಂದು ಮುಲಾಮು ಬರೆದು ಕಳುಹಿಸಬೇಡಿ; ಅದು ಕುಷ್ಠವೂ ಆಗಿರಬಹುದು. ರೋಗಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಮುಟ್ಟಿ. ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲಿ. ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ನೋಡಿ. ಕುಷ್ಠವನ್ನು ಬೇಗ ಹಿಡಿದರೆ ಬೆರಳುಗಳು ಉಳಿಯುತ್ತವೆ.

ಕೇಸ್ ಶೀಟಿನಲ್ಲಿ ಕಂಡ ಬಣ್ಣವನ್ನೇ ಬರೆಯಿರಿ, ಪುಸ್ತಕದ ಬಣ್ಣವನ್ನಲ್ಲ.

ಇನ್ನು ಚಿತ್ರಗಳು. 2020ರಲ್ಲಿ ಲಂಡನ್ನಿನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ಇಬ್ಬರು ಅಧ್ಯಾಪಕರನ್ನು ಜೊತೆ ಮಾಡಿಕೊಂಡು ಕಪ್ಪು, ಕಂದು ಚರ್ಮದ ರೋಗಲಕ್ಷಣಗಳ ಕೈಪಿಡಿಯನ್ನೇ ತಂದರು. ವಿದ್ಯಾರ್ಥಿಯೊಬ್ಬ ಮಾಡಿದ್ದನ್ನು ಒಂದು ವಿಭಾಗ ಖಂಡಿತ ಮಾಡಬಹುದು. ಫೋಟೊ ತೆಗೆಯುವ ಮೊದಲು ರೋಗಿಗೆ ಅವರ ಭಾಷೆಯಲ್ಲೇ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಬೇಡವೆಂದರೆ ಅಲ್ಲಿಗೇ ಬಿಡಿ. ಮುಖ, ಹಚ್ಚೆ ಕಾಣದಂತೆ ಹಗಲು ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆಯಿರಿ: ದೂರದಿಂದ ಒಂದು, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಹತ್ತಿರದಿಂದ ಒಂದು. ಚಿಕಿತ್ಸೆಯ ನಂತರವೂ ತೆಗೆಯಿರಿ. ರೋಗ ವಾಸಿಯಾದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯನ್ನು ರೋಗವೇ ಎಂದುಕೊಂಡು ಔಷಧಿ ಮುಂದುವರಿಸುವುದು ಆಗ ತಪ್ಪುತ್ತದೆ. ಫೋಟೊಗಳನ್ನು ನಿಮ್ಮ ಮೊಬೈಲಿನಿಂದ ಅಳಿಸಿ, ವಿಭಾಗದ ಕಂಪ್ಯೂಟರಿನಲ್ಲಿ ರೋಗದ ಹೆಸರಿನಡಿ ಜೋಡಿಸಿಡಿ. ಮುಂದಿನ ವರ್ಷ ಬರುವವರಿಗೆ ಮೊದಲ ಪಾಠ ಅವುಗಳಿಂದಲೇ ಮಾಡುತ್ತೇನೆ.