ಮಗುವಿನ ಮೂಳೆ ನೋವು ಬಿಡ್ತಾನೇ ಇಲ್ವಾ? ಚರ್ಮಾನೂ ನೋಡಿ

ಮೊಣಕಾಲಿನ ಹತ್ರ ಇಲ್ಲಾ ಕಾಲರ್ ಬೋನ್‌ನಲ್ಲಿ ನೋವು, ಊತ ತಿಂಗಳುಗಟ್ಟಲೆ ಬಂದು ಹೋಗಿ ಮಾಡ್ತಿದ್ರೆ "ಬೆಳೆಯೋ ಮಕ್ಕಳಿಗೆ ಸಹಜ" ಅಂತ ಎಣ್ಣೆ ತಿಕ್ಕಿ ಸುಮ್ನಾಗ್ಬೇಡಿ. ಸಿಆರ್‌ಎಂಒ (ಕ್ರಾನಿಕ್ ರಿಕರೆಂಟ್ ಮಲ್ಟಿಫೋಕಲ್ ಆಸ್ಟಿಯೋಮೈಲೈಟಿಸ್) ಅನ್ನೋ ಮೂಳೆ ಕಾಯಿಲೆ ಇರ್ಬಹುದು, ಮೂಳೇಲಿ ಉರಿಯೂತ ಇರತ್ತೆ ಆದ್ರೆ ಸೋಂಕಲ್ಲ, ಅದಕ್ಕೇ ಆಂಟಿಬಯಾಟಿಕ್ ಕೊಟ್ರೂ ಪ್ರಯೋಜನ ಇಲ್ಲ. ಈ ಕಾಯಿಲೆ ಇರೋ ಕೆಲವು ಮಕ್ಕಳಿಗೆ ಚರ್ಮದಲ್ಲೂ ಲಕ್ಷಣ ಕಾಣತ್ತೆ, ಅದಕ್ಕೇ ಸಾಕ್ಸ್ ಬಿಚ್ಚಿಸಿ ಅಂಗಾಲು, ಅಂಗೈ ನೋಡಿ, ಸಣ್ಣ ಕೀವುಗುಳ್ಳೆ ಇದ್ಯಾ, ತಲೇಲಿ ಮೊಣಕೈಲಿ ಸೋರಿಯಾಸಿಸ್ ತರ ಹೊಟ್ಟು ಏಳತ್ತಾ, ಇದ್ರೆ ಫೋಟೋ ತೆಗೆದಿಡಿ, ಅಪಾಯಿಂಟ್‌ಮೆಂಟ್ ದಿನ ಅದು ಮಾಯ ಆಗಿರತ್ತೆ! ಮಕ್ಕಳ ರುಮಟಾಲಜಿಸ್ಟ್‌ಗೇ (ಕೀಲು, ಮೂಳೆ ಉರಿಯೂತದ ತಜ್ಞರು) ತೋರ್ಸಿ. ಎಕ್ಸ್‌ರೇ ಶುರುನಲ್ಲಿ ನಾರ್ಮಲ್ ಬರಬಹುದು, ಇಡೀ ಮೈ ಎಂಆರ್‌ಐ ಮಾಡಿದ್ರೆ ನೋವಿಲ್ದಿರೋ ಜಾಗಾನೂ ಸಿಗತ್ತೆ. ಬಯಾಪ್ಸಿ (ಮೂಳೆಯ ಚೂರು ತೆಗೆದು ಪರೀಕ್ಷೆ) ಅಂದ್ರೆ ಗಾಬರಿ ಬೇಡ, ಕ್ಯಾನ್ಸರ್, ಸೋಂಕು ಅಲ್ಲ ಅಂತ ಖಚಿತ ಮಾಡ್ಕೊಳ್ಳೋಕೆ ಅಷ್ಟೇ. ಸಾಮಾನ್ಯವಾಗಿ ಮೊದ್ಲು ನ್ಯಾಪ್ರೋಕ್ಸೆನ್ ತರದ ನೋವು, ಉರಿಯೂತ ಇಳಿಸೋ ಮಾತ್ರೆ ಬರೀತಾರೆ, ಊಟ ಆದ್ಮೇಲೆ ಕೊಡಿ, ಡೋಸ್ ನೀವೇ ಏರಿಸ್ಬೇಡಿ.