ಒಂದು ಫೋಟೊ ಸರಿ, ಇನ್ನೊಂದು ಬಿಳಿಚು: ಲೆನ್ಸ್ ಕೈಕೊಟ್ಟಿದೆಯೇ ಎಂದು ಪತ್ತೆ ಮಾಡುವುದು ಹೇಗೆ?

ಜಾಗ, ಬೆಳಕು, ಸೆಟ್ಟಿಂಗ್ ಯಾವುದೂ ಬದಲಾಗಿಲ್ಲ. ಆದರೂ ಮೊದಲ ಫೋಟೊ ಬಿಳಿಚಿಕೊಂಡಿದೆ, ಎರಡನೆಯದು ಸರಿಯಿದೆ, ಮೂರನೆಯದು ಮತ್ತೆ ಬಿಳಿಚು. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಬೈಯುವುದು ಕ್ಯಾಮೆರಾದ ಮೀಟರನ್ನು. ಆದರೆ ಮೀಟರ್ ತನ್ನ ಕೆಲಸ ಸರಿಯಾಗಿಯೇ ಮಾಡಿರಬಹುದು.

ಡಿಎಸ್ಎಲ್ಆರ್‌ನಲ್ಲಿ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ವ್ಯೂಫೈಂಡರ್ ನೋಡುವಾಗ ಲೆನ್ಸ್‌ನ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, ಪೂರ್ತಿ ತೆರೆದಿರುತ್ತದೆ. ಮೀಟರ್ ಬೆಳಕು ಅಳೆಯುವುದೂ ಆಗಲೇ. ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು. ನೀವು ಎಫ್/11 ಇಟ್ಟಿದ್ದರೆ, ಬಟನ್ ಒತ್ತಿದ ಮೇಲೆ ಶಟರ್ ತೆರೆಯುವ ಮೊದಲು ರಂಧ್ರವನ್ನು ಕಿರಿದಾಗಿಸುವ ತೆಳು ಬ್ಲೇಡ್‌ಗಳು ಆ ಅಳತೆಗೆ ಮುಚ್ಚಿಕೊಳ್ಳಬೇಕು. ಮುಚ್ಚಿದವೇ ಇಲ್ಲವೇ ಎಂದು ಮೀಟರ್ ಮತ್ತೊಮ್ಮೆ ಅಳೆದು ನೋಡುವುದಿಲ್ಲ. ಬ್ಲೇಡ್ ತಡಮಾಡಿದರೆ ಹೆಚ್ಚು ಬೆಳಕು ಒಳನುಗ್ಗುತ್ತದೆ, ಚಿತ್ರ ಬಿಳಿಚಿಕೊಳ್ಳುತ್ತದೆ.

ಮೊದಲು ಸುಳ್ಳು ಸುಳಿವುಗಳನ್ನು ಬದಿಗಿಡಿ

ಆಟೊ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ ತಾನೇ ಬದಲಾಗುವ ಸೌಲಭ್ಯ) ಆಫ್ ಮಾಡಿ. ಫ್ಲ್ಯಾಶ್ ತೆಗೆದಿಡಿ. ಕ್ಯಾನನ್‌ನ ಆಟೊ ಲೈಟಿಂಗ್ ಆಪ್ಟಿಮೈಸರ್, ನಿಕಾನ್‌ನ ಆ್ಯಕ್ಟಿವ್ ಡಿ-ಲೈಟಿಂಗ್ ಕೂಡ ಆಫ್ ಇರಲಿ; ಅವು ಚಿತ್ರದ ಹೊಳಪನ್ನು ತಾವೇ ತಿದ್ದುತ್ತವೆ. ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್ಇಡಿ ಕೆಳಗೆ ಪರೀಕ್ಷೆ ಬೇಡ: ನಮ್ಮ ವಿದ್ಯುತ್ 50 ಹರ್ಟ್ಸ್, ಆ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100ಕ್ಕಿಂತ ವೇಗವಾಗಿದ್ದರೆ ಒಳ್ಳೆಯ ಲೆನ್ಸ್‌ನಲ್ಲೂ ಫೋಟೊದಿಂದ ಫೋಟೊಗೆ ಬೆಳಕು ಏರುಪೇರಾಗುತ್ತದೆ. 18-55 ಕಿಟ್ ಲೆನ್ಸ್‌ನಲ್ಲಿ ಎಫ್/3.5 ಇಟ್ಟು 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ ತಾನೇ ಎಫ್/5.6 ಆಗುತ್ತದೆ. ಅಂದರೆ ಒಂದೂಕಾಲು ಸ್ಟಾಪ್‌ಗಿಂತ ಹೆಚ್ಚೇ ಕಪ್ಪು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಇಮ್ಮಡಿ ಆಗುವುದು). ಅದು ದೋಷವಲ್ಲ, ಆ ಲೆನ್ಸ್‌ನ ಗುಣ.

ಗೋಡೆಯ ಪರೀಕ್ಷೆ

ನೆರಳಿನಲ್ಲಿರುವ ಬಣ್ಣ ಬಳಿದ ಗೋಡೆ ಹುಡುಕಿ. ಮೋಡ ಓಡಾಡುವ ದಿನ ಬೇಡ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಮ್ಯಾನುಯಲ್ ಮೋಡ್, ಮ್ಯಾನುಯಲ್ ಫೋಕಸ್, ಐಎಸ್ಒ 100ಕ್ಕೆ ತನ್ನಿ. ಈ ಜೋಡಿಗಳಲ್ಲಿ ಒಂದೊಂದು ಫೋಟೊ ತೆಗೆಯಿರಿ: ಎಫ್/4ಕ್ಕೆ 1/250, ಎಫ್/5.6ಕ್ಕೆ 1/125, ಎಫ್/8ಕ್ಕೆ 1/60, ಎಫ್/11ಕ್ಕೆ 1/30, ಎಫ್/16ಕ್ಕೆ 1/15. ಲೆನ್ಸ್ ಎಫ್/4ಕ್ಕೆ ತೆರೆಯದಿದ್ದರೆ ಎಫ್/5.6ರಿಂದ ಶುರುಮಾಡಿ. ಗೋಡೆ ಕಪ್ಪಾಗಿ ಬಂದರೆ ಐಎಸ್ಒ ಏರಿಸಿ, ಆದರೆ ಎಲ್ಲ ಫೋಟೊಗೂ ಒಂದೇ ಇರಲಿ. ಹಿಸ್ಟೋಗ್ರಾಂನ (ಕ್ಯಾಮೆರಾ ತೋರಿಸುವ ಹೊಳಪಿನ ನಕ್ಷೆ) ಗುಡ್ಡ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲಬೇಕು. ಮೂಲೆಗಳು ತುಸು ಕಪ್ಪಾಗಿ ಕಂಡರೆ ತಲೆಕೆಡಿಸಿಕೊಳ್ಳಬೇಡಿ, ನಡುಭಾಗವನ್ನಷ್ಟೇ ಹೋಲಿಸಿ.

ಪೂರ್ತಿ ತೆರೆದಾಗ ಸರಿ, ಕಿರಿದಾಗುತ್ತ ಹೋದಂತೆ ಬಿಳಿಚು ಎಂದಾದರೆ ಅನುಮಾನ ನೇರವಾಗಿ ಬ್ಲೇಡ್‌ಗಳ ಮೇಲೆ. ಪೂರ್ತಿ ತೆರೆದಾಗಲೂ ಏರುಪೇರಾದರೆ ಶಟರ್ ನೋಡಬೇಕು, ಏಕೆಂದರೆ ಆಗ ಬ್ಲೇಡ್‌ಗಳು ಅಲುಗಾಡುವುದೇ ಇಲ್ಲ. ಬೇರೆ ಲೆನ್ಸ್ ಹಾಕಿ ಇದೇ ಪರೀಕ್ಷೆ ಮಾಡಿದರೆ ಖಚಿತವಾಗುತ್ತದೆ. ಪೂರ್ತಿ ತೆರೆದಿಟ್ಟರೂ ಚಿತ್ರದ ಜತೆ ವ್ಯೂಫೈಂಡರ್ ಕೂಡ ಕಪ್ಪಾಗಿದ್ದರೆ ಬ್ಲೇಡ್‌ಗಳು ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿವೆ ಎಂದು ತಿಳಿಯಿರಿ.

ಇನ್ನೊಂದು ಪರೀಕ್ಷೆಯನ್ನು ಬಹಳ ಮಂದಿ ಮಾಡುವುದಿಲ್ಲ, ಆದರೆ ರೋಗವನ್ನು ಬೇರ್ಪಡಿಸುವುದು ಅದೇ. ಎಫ್/16ರಲ್ಲೇ ಇಟ್ಟು, ಐಎಸ್ಒ 100ರಲ್ಲಿ 1/15, ಐಎಸ್ಒ 1600ರಲ್ಲಿ 1/250 ತೆಗೆಯಿರಿ. ಎರಡೂ ಸಮ ಬರಬೇಕು. ವೇಗದ ಫೋಟೊ ಮಾತ್ರ ಬಿಳಿಚಿದರೆ ಬ್ಲೇಡ್ ಗುರಿ ಮುಟ್ಟುತ್ತಿದೆ, ತಡವಾಗಿ ಮುಟ್ಟುತ್ತಿದೆ: ಲೆನ್ಸ್ ಒಳಗಿನ ಗ್ರೀಸ್‌ನಿಂದ ಬ್ಲೇಡ್‌ಗೆ ಹರಿದ ಎಣ್ಣೆಯ ಕಾಟ. ಎರಡೂ ಒಂದೇ ಪ್ರಮಾಣದಲ್ಲಿ ಬಿಳಿಚಿದರೆ ಬ್ಲೇಡ್ ಸರಿಯಾದ ಅಳತೆಗೆ ಮುಚ್ಚುತ್ತಲೇ ಇಲ್ಲ. ನಂತರ ಎಫ್/16ರಲ್ಲಿ ಹತ್ತು ಫೋಟೊ ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸಾಲಾಗಿ) ಹೊಡೆಯಿರಿ. ಮೊದಲೆರಡು ಬಿಳಿಚಿ ಆಮೇಲಿನವು ಸರಿಯಾದರೆ, ಅದೂ ಅಂಟಿಕೊಂಡ ಬ್ಲೇಡ್‌ನ ಲಕ್ಷಣ.

ಕಣ್ಣಾರೆ ನೋಡುವುದು

ನಿಕಾನ್‌ನ ಜಿ ಲೆನ್ಸ್ ಕಳಚಿದರೆ ಹಿಂಬದಿಯಲ್ಲಿ ಪುಟ್ಟ ಲಿವರ್ ಕಾಣುತ್ತದೆ. ಬೆರಳಲ್ಲಿ ನಯವಾಗಿ ತಳ್ಳಿದರೆ ಬ್ಲೇಡ್ ತೆರೆಯಬೇಕು, ಬಿಟ್ಟ ಕೂಡಲೇ ಚಟಕ್ಕನೆ ಮುಚ್ಚಬೇಕು. ಸೋಮಾರಿಯಂತೆ ಮುಚ್ಚಿದರೆ ಎಣ್ಣೆ. ಲಿವರ್ ಸ್ವಲ್ಪ ಬಾಗಿದ್ದರೂ ಸಾಕು: 50 ಮಿಮೀ ಲೆನ್ಸ್‌ನಲ್ಲಿ ಎಫ್/16ರ ರಂಧ್ರ ಸುಮಾರು 3 ಮಿಮೀ; ಅದರಲ್ಲಿ ಅರ್ಧ ಮಿಮೀ ಹೆಚ್ಚಾದರೆ ಅರ್ಧ ಸ್ಟಾಪ್‌ನ ಹತ್ತಿರ ತಪ್ಪು. ಅದೇ ಅರ್ಧ ಮಿಮೀ ಎಫ್/2.8ರಲ್ಲಿ ಗೊತ್ತೇ ಆಗುವುದಿಲ್ಲ.

ಕ್ಯಾನನ್ ಇಎಫ್ ಲೆನ್ಸ್‌ನಲ್ಲಿ ಲಿವರ್ ಇಲ್ಲ, ಬ್ಲೇಡ್ ನಡೆಸುವುದು ಪುಟ್ಟ ಮೋಟಾರು. ಎಫ್/8 ಇಟ್ಟು ಬ್ಲೇಡ್‌ಗಳನ್ನು ಮೊದಲೇ ಮುಚ್ಚಿ ತೋರಿಸುವ ಡೆಪ್ತ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದೇ ಲೆನ್ಸ್ ಕಳಚಿದರೆ ಬ್ಲೇಡ್ ಅಲ್ಲೇ ನಿಲ್ಲುತ್ತದೆ. ಟಾರ್ಚ್ ಬಿಟ್ಟು ನೋಡಿ: ಬ್ಲೇಡ್ ಮೇಲೆ ಹೊಳೆಯುವ ಕಲೆ, ರಂಧ್ರದ ಆಕಾರ ಸೊಟ್ಟ, ಎರಡೂ ಕೆಟ್ಟ ಸುದ್ದಿ. ಈ ಲೆನ್ಸ್‌ಗಳಲ್ಲಿ ಏರುಪೇರಿನ ಜತೆ ಎರರ್ 01 (ಲೆನ್ಸ್-ಕ್ಯಾಮೆರಾ ಸಂಪರ್ಕದ ದೋಷ) ಬರುತ್ತಿದ್ದರೆ, ಅದೂ ನಿರ್ದಿಷ್ಟ ಜೂಮ್‌ನಲ್ಲಿ ಮಾತ್ರ ಬರುತ್ತಿದ್ದರೆ, ಒಳಗಿನ ಫ್ಲೆಕ್ಸ್ ಕೇಬಲ್ (ಬಳುಕುವ ತೆಳು ತಂತಿಪಟ್ಟಿ) ಬಿರುಕು ಬಿಟ್ಟಿರಬಹುದು. ಇಎಫ್-ಎಸ್ 17-85ಕ್ಕೆ ಈ ಕಾಯಿಲೆ ಚಿರಪರಿಚಿತ.

ನೀವು ಮಾಡಬಹುದಾದದ್ದು, ಮಾಡಬಾರದದ್ದು

ಲೆನ್ಸ್ ಕ್ಯಾಮೆರಾಗೆ ಕೂರುವ ಮೌಂಟ್‌ನ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು 99% ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಕ್ಯಾಮೆರಾ ಆಫ್ ಇರಲಿ, ಒಣಗಿದ ಮೇಲಷ್ಟೇ ಲೆನ್ಸ್ ಹಾಕಿ. ರಬ್ಬರ್‌ನಿಂದ ಉಜ್ಜುವ ಹಳೇ ಅಭ್ಯಾಸ ಬಿಡಿ; ಪುಡಿ ಒಳಗೆ ಬೀಳುತ್ತದೆ, ಲೇಪನವೂ ಸವೆಯುತ್ತದೆ. ಬ್ಲೇಡ್ ಮೇಲೆ ಡಬ್ಲ್ಯುಡಿ-40 ಎಣ್ಣೆ ಸ್ಪ್ರೇಯನ್ನಂತೂ ಎಂದೂ ಸಿಂಪಡಿಸಬೇಡಿ. ಬ್ಲೇಡ್‌ಗಳು ಒಣಗಿರಬೇಕು, ಅವಕ್ಕೆ ಎಣ್ಣೆಯೇ ಶತ್ರು. ಫೋಕಸ್ ಭಾಗದ ಗ್ರೀಸ್ ಬಿಸಿಲಿಗೆ ಕರಗಿ ಅಲ್ಲಿಗೆ ಹರಿಯುತ್ತದೆ, ಹಾಗಾಗಿ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಾರಿನೊಳಗೆ ಲೆನ್ಸ್ ಬಿಡಬಾರದು.

ಎಣ್ಣೆ ತೆಗೆಯಲು ಲೆನ್ಸ್ ಬಿಚ್ಚಲೇಬೇಕು. ಜಪಾನಿ ಲೆನ್ಸ್‌ಗಳ ತಿರುಪು ಸಾಮಾನ್ಯವಾಗಿ ಜೆಐಎಸ್ (ಜಪಾನಿನ ಮಾನದಂಡ) ಮಾದರಿಯದು, ಮನೆಯ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತದೆ. ರಿಪೇರಿಯವರಿಗೆ ಕೊಡುವಾಗ ಮೇಲಿನ ಪರೀಕ್ಷೆಯ ಫೋಟೊಗಳನ್ನೂ ಕೊಡಿ, ವಾಪಸ್ ತಂದ ದಿನ ಅದೇ ಗೋಡೆಯ ಮುಂದೆ ಮತ್ತೆ ತೆಗೆದು ನೋಡಿ. ಅಲ್ಲಿಯವರೆಗೆ ಮದುವೆಯ ಕೆಲಸ ಒಪ್ಪಿಕೊಂಡಿದ್ದರೆ ಅಪರ್ಚರ್ ಪೂರ್ತಿ ತೆರೆದಿಟ್ಟು, ಬೆಳಕನ್ನು ಶಟರ್ ಮತ್ತು ಐಎಸ್ಒದಿಂದಲೇ ಸರಿಹೊಂದಿಸಿ.